ಆಕ್ಸಿಜನ್ ನಳಿಕೆ ಹಾಕಿಕೊಂಡೇ ನಡಿಗೆ, ವ್ಯಾಯಾಮ

ಸಿಒಪಿಡಿಯಂಥ (ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ರೋಗ) ಕಾಯಿಲೆಗೆ ಮನೆಯಲ್ಲಿ ಆಕ್ಸಿಜನ್ ತೆಗೆದುಕೊಳ್ಳುವ ಹಲವರು ವ್ಯಾಯಾಮದ ಹೊತ್ತಿಗೆ ಸರಿಯಾಗಿ ನಳಿಕೆ ಕಳಚಿಡುತ್ತಾರೆ. ಪೈಪು ಕಾಲಿಗೆ ತೊಡರುತ್ತದೆ ಎಂದೋ, ಆಕ್ಸಿಜನ್ ಚಟವಾಗಿಬಿಡುತ್ತದೆ ಎಂಬ ಭಯಕ್ಕೋ. ಚಟವಾಗುವುದಿಲ್ಲ. ಮೈ ದುಡಿಯುವಾಗಲೇ ಅದು ಹೆಚ್ಚು ಬೇಕು.

ಶುರುಮಾಡುವ ಮೊದಲು ವೈದ್ಯರಿಂದ ಮೂರು ಅಂಕಿ ಬರೆಸಿಕೊಳ್ಳಿ: ಕೂತಾಗ ನಿಮಿಷಕ್ಕೆ ಎಷ್ಟು ಲೀಟರ್, ನಡೆಯುವಾಗ ಎಷ್ಟು, ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಮಟ್ಟವನ್ನು ಶೇಕಡಾದಲ್ಲಿ ನೋಡುವ ಸಾಧನ) ಎಷ್ಟರಿಂದ ಎಷ್ಟರೊಳಗೆ ತೋರಿಸಬೇಕು. ಕೂತಾಗ 1 ಲೀಟರ್ ಸಾಕಾಗುವವರಿಗೆ ನಡೆಯುವಾಗ 2 ಅಥವಾ 3 ಬೇಕಾಗಬಹುದು; ಆರು ನಿಮಿಷ ನಡೆಸಿ ನೋಡಿದರೆ ಗೊತ್ತಾಗುತ್ತದೆ. ಅಂದಾಜಿನ ಮೇಲೆ ನೀವೇ ಏರಿಸಬೇಡಿ. ಸಿಒಪಿಡಿ ಇರುವ ಕೆಲವರಿಗೆ ಆಕ್ಸಿಜನ್ ಹೆಚ್ಚಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ತಲೆನೋವು, ಮಂಪರು ಬರುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಹೇಳುವ ಗುರಿ 88ರಿಂದ 92. ಇವರು ಆಕ್ಸಿಮೀಟರ್‌ನಲ್ಲಿ 98 ನೋಡಿ ಖುಷಿಪಡುವಂತಿಲ್ಲ.

ಆಕ್ಸಿಜನ್ ಮೂಗಿನವರೆಗೆ ಬರುತ್ತಿದೆಯೇ ನೋಡಿ

ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ಕಾನ್ಸಂಟ್ರೇಟರ್ (ಕೋಣೆಯ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಚಾಲೂ ಮಾಡಿದ ತಕ್ಷಣ ಪೂರ್ತಿ ಸಾಂದ್ರತೆಯ ಆಕ್ಸಿಜನ್ ಕೊಡುವುದಿಲ್ಲ. ಐದು ನಿಮಿಷ ಬಿಡಿ. ಕರೆಂಟು ಹೋಗಿ ಬಂದಾಗಲೂ ಅಷ್ಟೇ. ಹರಿವು ತೋರಿಸುವ ಫ್ಲೋಮೀಟರ್ ಗುಂಡನ್ನು ಕಣ್ಣಿನ ಮಟ್ಟದಲ್ಲಿ ನೋಡಿ, ಗೆರೆ ಗುಂಡಿನ ನಡುಮಧ್ಯಕ್ಕೆ ಬರಬೇಕು. ಆಮೇಲೆ ನಳಿಕೆಯ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ. ಗುಳ್ಳೆ ಬರದಿದ್ದರೆ ಪೈಪು ಮಂಚದ ಕಾಲಿನಡಿ ಸಿಕ್ಕಿರಬಹುದು, ಇಲ್ಲವೇ ಆಕ್ಸಿಜನ್ನಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬಾಟಲಿಯ ಮುಚ್ಚಳ ಓರೆಯಾಗಿ ಕೂತು ಗಾಳಿ ಸೋರುತ್ತಿರಬಹುದು. ತುದಿ ಒರೆಸಿ ಹಾಕಿಕೊಳ್ಳಿ. ಉದ್ದದ ಪೈಪು ಬಳಸುವವರು ಯಂತ್ರದ ಕೈಪಿಡಿಯಲ್ಲಿ ಎಷ್ಟು ಉದ್ದಕ್ಕೆ ಅನುಮತಿ ಇದೆ ನೋಡಿ. ಅದನ್ನು ಮೀರಿದರೆ ಹರಿವು ಕುಗ್ಗುತ್ತದೆ.

ಸಿಲಿಂಡರ್ ಆದರೆ ಲೆಕ್ಕ ಸುಲಭ. ಅದರ ನೀರಿನ ಅಳತೆಯನ್ನು (ಸಿಲಿಂಡರಿನೊಳಗೆ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬುದು) ಒತ್ತಡ ತೋರಿಸುವ ಗೇಜಿನ ಬಾರ್ ಅಂಕಿಯಿಂದ ಗುಣಿಸಿ. 10 ಲೀಟರಿನ ಬಿ-ಟೈಪ್ ಸಿಲಿಂಡರಿನಲ್ಲಿ ಮುಳ್ಳು 50 ಬಾರ್‌ ತೋರಿಸಿದರೆ ಸುಮಾರು 500 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ ನಾಲ್ಕು ಗಂಟೆ. ಪೂರ್ತಿ ಮುಗಿಯುವವರೆಗೆ ಕಾಯಬೇಡಿ. ಹೊರಗೆ ಒಯ್ಯುವ ಚಿಕ್ಕ ಕಾನ್ಸಂಟ್ರೇಟರಿನ ಪಲ್ಸ್ ಮೋಡಿನಲ್ಲಿ (ಉಸಿರೆಳೆದಾಗ ಮಾತ್ರ ಆಕ್ಸಿಜನ್ ಬಿಡುವ ವಿಧಾನ) ‘2’ ಎಂದರೆ 2 ಲೀಟರ್ ಅಲ್ಲ, ಅದು ಬರೀ ಸೆಟ್ಟಿಂಗ್. ಅದನ್ನು ಹಾಕಿಕೊಂಡು ನಡೆದೇ ಪರೀಕ್ಷಿಸಬೇಕು.

ದೀಪ, ಊದುಬತ್ತಿ, ಗ್ಯಾಸ್ ಒಲೆಯಿಂದ ಕನಿಷ್ಠ ಎರಡು ಮೂರು ಮೀಟರ್ ದೂರವಿರಿ. ಬೀಡಿ, ಸಿಗರೇಟು ಆ ಕೋಣೆಯೊಳಗೇ ಬೇಡ. ಮೂಗು ಒಣಗಿದರೆ ವ್ಯಾಸಲೀನ್, ಎಣ್ಣೆ ಹಚ್ಚಬೇಡಿ. ನೀರಿನ ಅಂಶದ ಜೆಲ್ ಸಿಗುತ್ತದೆ. ರೆಗ್ಯುಲೇಟರಿಗಂತೂ ಎಣ್ಣೆ ಕೈ ತಾಗಲೇಬಾರದು.

ನಡಿಗೆ

ಊಟವಾಗಿ ಒಂದೂವರೆ ಗಂಟೆ ಕಳೆದಿರಲಿ. ವ್ಯಾಯಾಮಕ್ಕೆ ಮುಂಚೆ ಇನ್‌ಹೇಲರ್ ಎಳೆಯಲು ಹೇಳಿದ್ದರೆ 15 ನಿಮಿಷ ಮೊದಲು ಎಳೆಯಿರಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಬೂಟು ಹಾಕಿ. ಪೈಪನ್ನು ಒಂದು ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಸುತ್ತಾ, ತಿರುಗುವಾಗ ಅದನ್ನು ದಾಟದಂತೆ ತಿರುಗಿ. ಹಳ್ಳಿಯಲ್ಲಾದರೆ ಸೌದೆ ಒಲೆಗಳು ಉರಿಯುವ ಹೊತ್ತು, ಒಕ್ಕಣೆಯ ದೂಳಿನ ದಿನಗಳಲ್ಲಿ ಹೊರಗಿನ ನಡಿಗೆ ಬಿಟ್ಟು ಒಳಗೇ ನಡೆಯಿರಿ.

ನಡಿಗೆಯ ಹರಿವಿಗೆ ತಿರುಗಿಸಿ ಎರಡು ನಿಮಿಷ ಕೂತಿರಿ. ಎರಡು ನಿಮಿಷ ನಡೆದು ಒಂದು ನಿಮಿಷ ನಿಲ್ಲಿ. ಮೊದಲ ವಾರ ಒಟ್ಟು ಹತ್ತು ನಿಮಿಷ ಸಾಕು. ಮುಂದೆ ಕೆಲವು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸುತ್ತಾ ವಾರಕ್ಕೆ ಮೂರರಿಂದ ಐದು ದಿನ, 20–30 ನಿಮಿಷಕ್ಕೆ ತನ್ನಿ. ಮೂಗಿನಿಂದ ಎರಡು ಎಣಿಕೆ ಉಸಿರೆಳೆದು, ತುಟಿ ಮೊನಚು ಮಾಡಿ ನಾಲ್ಕು ಎಣಿಕೆ ಬಿಡಿ. ಏದುಸಿರಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟರೆ 3–4ರ ಹತ್ತಿರ ಇರಬೇಕು: ಮಾತಾಡಬಹುದು, ಹಾಡಲಾಗದು. ಏದುಸಿರು ಬರಲೇಬಾರದೆಂದು ಕೂತರೆ ಕಾಲಿನ ಶಕ್ತಿ ಇನ್ನಷ್ಟು ಇಳಿಯುತ್ತದೆ.

ಆಕ್ಸಿಮೀಟರ್ ನೋಡಬೇಕಾದ್ದು ನಡೆಯುವಾಗ ಮತ್ತು ನಿಂತ ಕೂಡಲೇ. ಆರಾಮಾಗಿ ಕೂತ ಮೇಲೆ ನೋಡಿದರೆ ಅಂಕಿ ಆಗಲೇ ಏರಿರುತ್ತದೆ, ಕುಸಿದದ್ದು ತಿಳಿಯುವುದೇ ಇಲ್ಲ. ಕೈ ಅಲುಗಿಸದೆ ಅರ್ಧ ನಿಮಿಷ ಹಿಡಿಯಿರಿ. ತಣ್ಣಗಿನ ಬೆರಳು, ನೇಲ್ ಪಾಲಿಶ್, ಮೆಹೆಂದಿ ಅಂಕಿಯನ್ನು ಕೆಡಿಸಬಹುದು.

ನಡಿಗೆಯಿಲ್ಲದ ದಿನ ಕುರ್ಚಿಯಿಂದ ಎದ್ದು ಕೂರುವುದನ್ನು ಎಂಟು ಹತ್ತು ಸಲ, ಎರಡು ಸುತ್ತು ಮಾಡಿ. ಏಳುವಾಗ ಉಸಿರು ಬಿಡಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಿಸಿ. ತೋಳನ್ನು ಭುಜದ ಮೇಲಕ್ಕೆತ್ತಿದರೆ ಬೇಗ ದಮ್ಮು ಹತ್ತುತ್ತದೆ, ಉಸಿರಾಟಕ್ಕೆ ನೆರವಾಗುವ ಸ್ನಾಯುಗಳೇ ಆ ಕೆಲಸಕ್ಕೂ ಹೋಗುವುದರಿಂದ. ಕುಂಭಕ, ಕಪಾಲಭಾತಿ ಬಿಡಿ; ಉಸಿರು ಕಟ್ಟುವುದೂ ರಭಸದ ಉಸಿರಾಟವೂ ಇಲ್ಲಿ ಒಗ್ಗುವುದಿಲ್ಲ.

ನಿಲ್ಲಿಸಬೇಕಾದಾಗ

ಅಂಕಿ 88ಕ್ಕಿಂತ, ಅಥವಾ ನಿಮಗೆ ಬರೆದುಕೊಟ್ಟ ಮಿತಿಗಿಂತ, ಕೆಳಗಿಳಿದರೆ ನಿಲ್ಲಿ. ಕೂತು ಮುಂದಕ್ಕೆ ಬಾಗಿ, ಮೊಣಕೈ ತೊಡೆಯ ಮೇಲೂರಿ, ತುಟಿ ಮೊನಚು ಮಾಡಿ ಉಸಿರು ಬಿಡಿ. ನಳಿಕೆ ಕಳಚಿಲ್ಲವೇ ನೋಡಿ. ಎರಡು ಮೂರು ನಿಮಿಷದಲ್ಲಿ ಅಂಕಿ ಏರಿದರೆ ಆ ದಿನಕ್ಕೆ ಅಷ್ಟೇ. ಹೀಗೇ ಮರುಕಳಿಸಿದರೆ ಹರಿವಿನ ಅಂಕಿಯನ್ನು ವೈದ್ಯರು ಮತ್ತೆ ಹೊಂದಿಸಬೇಕು. ಏರದಿದ್ದರೆ, ಇಲ್ಲವೇ ಎದೆನೋವು, ಕಣ್ಣು ಕತ್ತಲೆ, ತುಟಿ ನೀಲಿಯಾಗುವುದು, ಮಾತು ತೊದಲುವುದು ಕಂಡರೆ 108ಕ್ಕೆ ಕರೆ ಮಾಡಿ.

ಜ್ವರ ಬಂದಾಗ, ಕಫ ಹೆಚ್ಚಾಗಿ ಹಳದಿ-ಹಸಿರಾದಾಗ, ಮಾಮೂಲಿಗಿಂತ ದಮ್ಮು ಜಾಸ್ತಿಯಿದ್ದಾಗ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿ. ವಾಸಿಯಾದ ಮೇಲೆ ಮೊದಲಿನ ಅರ್ಧದಷ್ಟು ಹೊತ್ತಿನಿಂದ ಶುರುಮಾಡಿ. ವ್ಯಾಯಾಮ ಮುಗಿದೊಡನೆ ಹರಿವನ್ನು ಕೂತಾಗಿನ ಅಂಕಿಗೆ ಇಳಿಸುವುದನ್ನು ಮರೆಯುವವರು ಬಹಳ. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸಿ.