ಐವತ್ತೆರಡು ಹೆಜ್ಜೆ, ಒಂದು ಲೋಲಕ: ಪೋ ಕಥೆಯನ್ನು ರಂಗಕ್ಕೆ ತರುವ ಬಗೆ

ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ಅವರ ‘ದಿ ಪಿಟ್ ಅಂಡ್ ದಿ ಪೆಂಡ್ಯುಲಂ’ 1842ರಲ್ಲಿ ಪ್ರಕಟವಾದ ಕಥೆ: ಮರಣದಂಡನೆಗೆ ಗುರಿಯಾದ ಸೆರೆಯಾಳು, ಅವನ ಕೋಣೆಯ ನಡುವೆ ಆಳದ ಗುಂಡಿ, ಮೇಲಿಂದ ಓಲಾಡುತ್ತಾ ಇಳಿದು ಬರುವ ಕತ್ತಿಯಂಥ ಅಲಗಿನ ಲೋಲಕ (ಪೆಂಡ್ಯುಲಂ). ಇದನ್ನು ಏಕವ್ಯಕ್ತಿ ನಾಟಕ ಮಾಡಲು ಹೊರಟ ತಂಡಗಳು ಮೊದಲ ದಿನವೇ ಕತ್ತಿ ಮಾಡಿಸೋಕೆ ಓಡುತ್ತವೆ. ಅದಕ್ಕೂ ಮೊದಲು ಪೆನ್ಸಿಲ್ ಹಿಡಿದು ಕಥೆಯನ್ನು ಮತ್ತೊಮ್ಮೆ ಓದಿ. ಸ್ಪೇನ್‌ನ ಟೊಲೆಡೋದ ಆ ಕತ್ತಲ ಕೋಣೆಯಲ್ಲಿ ಸೆರೆಯಾಳು ಬದುಕಿ ಉಳಿಯುವುದು ಎಣಿಸಿ ಎಣಿಸಿ. ಪ್ರೇಕ್ಷಕರೂ ಅವನ ಜೊತೆ ಎಣಿಸುವಂತಾದರೆ ಅರ್ಧ ನಾಟಕ ಗೆದ್ದ ಹಾಗೆ.

ಹಕ್ಕಿನ ವಿಷಯ ಮೊದಲು ಮುಗಿಸಿಬಿಡೋಣ. ಪೋ ತೀರಿಕೊಂಡದ್ದು 1849ರಲ್ಲಿ, ಮೂಲಕ್ಕೆ ಯಾರ ಅನುಮತಿಯೂ ಬೇಡ. ಆದರೆ ಬೇರೆಯವರ ಕನ್ನಡ ಅನುವಾದ ಬಳಸಿದರೆ ಅನುವಾದಕರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ಅವರದ್ದೇ, ಅವರ ಕುಟುಂಬದ್ದೇ. ನೀವೇ ಅನುವಾದಿಸಿಕೊಳ್ಳುವುದು ಒಳ್ಳೆಯದು. 45 ನಿಮಿಷದ ಪ್ರಯೋಗಕ್ಕೆ ಹೇಗೂ ಕತ್ತರಿ ಹಾಕಲೇಬೇಕು.

ಮೊದಲ ಭಾಗ ಪೂರಾ ಕತ್ತಲು. ಸೆರೆಯಾಳು ತನ್ನ ಒರಟು ನಿಲುವಂಗಿಯ ಅಂಚು ಹರಿದು ಗೋಡೆಯ ಬುಡದಲ್ಲಿಟ್ಟು, ಅಲ್ಲಿಂದ ಹೆಜ್ಜೆ ಎಣಿಸುತ್ತಾನೆ. 52ಕ್ಕೆ ಜಾರಿ ಬಿದ್ದು ನಿದ್ದೆ ಹೋಗುತ್ತಾನೆ. ಎದ್ದು ರೊಟ್ಟಿ ತಿಂದು ನೀರು ಕುಡಿದು ಮತ್ತೆ 48 ಹೆಜ್ಜೆ ನಡೆದಾಗ ಬಟ್ಟೆಯ ತುಂಡು ಸಿಗುತ್ತದೆ. ಒಟ್ಟು 100 ಹೆಜ್ಜೆ, ಎರಡು ಹೆಜ್ಜೆಗೆ ಒಂದು ಗಜ, ಅಂದರೆ ಕೋಣೆಯ ಸುತ್ತಳತೆ 50 ಗಜ ಅಂತ ಅವನ ಲೆಕ್ಕ. ಬೆಳಕು ಬಂದಾಗ ನೋಡಿದರೆ ಅದರಲ್ಲಿ ಅರ್ಧವೂ ಕಷ್ಟ. ನಿದ್ದೆಯಿಂದ ಎದ್ದವನು ದಿಕ್ಕು ತಪ್ಪಿ ಬಂದ ದಾರಿಯಲ್ಲೇ ವಾಪಸು ಹೋಗಿದ್ದಾನೆ. ಹೊರಟಾಗ ಗೋಡೆ ಎಡಕ್ಕಿತ್ತು, ಮುಗಿಸಿದಾಗ ಬಲಕ್ಕೆ. ಹೆಚ್ಚಿನ ಪ್ರಯೋಗಗಳು ಎಡವುವುದು ಇಲ್ಲೇ: ನಟ ಎರಡೂ ಸಲ ಒಂದೇ ಕೈ ಗೋಡೆಗೆ ಹಚ್ಚಿ ನಡೆದರೆ ಮುಂದಿನ ಮಾತಿಗೆ ಅರ್ಥವೇ ಇರುವುದಿಲ್ಲ.

ಇದನ್ನು ಕತ್ತಲಲ್ಲಿ ನಡೆಸಲು 4 ಮೀಟರ್ ವ್ಯಾಸದ ವೃತ್ತ ಎಳೆದು, ಅದರ ಮೇಲೆ ತೆಂಗಿನ ನಾರಿನ ಹಗ್ಗವನ್ನು ಅಗಲದ ಬಟ್ಟೆ ಟೇಪಿನಿಂದ ನೆಲಕ್ಕೆ ಅಂಟಿಸಿ. ಬರಿಗಾಲಿಗೆ ಅದರ ಉಬ್ಬು ತಿಳಿಯುತ್ತದೆ. ಸುತ್ತಳತೆ ಸುಮಾರು 12.5 ಮೀಟರ್. ಹಿಮ್ಮಡಿಗೆ ಬೆರಳು ತಾಗಿಸಿ ನಡೆದರೆ ಒಂದು ಹೆಜ್ಜೆ 24 ಸೆಂಟಿಮೀಟರ್ ಆಸುಪಾಸು, 52 ಹೆಜ್ಜೆಗೆ ಒಂದು ಸುತ್ತು ಮುಗಿಯುತ್ತೆ. ಮರಳುವಾಗ ಹೊಟ್ಟೆಗೆ ರೊಟ್ಟಿ ಬಿದ್ದಿರುವುದರಿಂದ ಹೆಜ್ಜೆ ತುಸು ಉದ್ದವಾಗಲಿ, 48ಕ್ಕೇ ಸರಿಹೋಗುತ್ತದೆ. ಸೆಕೆಂಡಿಗೆ ಒಂದರಂತೆ ಎಲ್ಲವನ್ನೂ ಎಣಿಸಿ. ಬೋರ್ ಆಗುತ್ತೆ ಅಂತ ಹತ್ತಕ್ಕೇ ನಿಲ್ಲಿಸಬೇಡಿ. ಸುಮಾರು ಮೂವತ್ತರ ನಂತರ ಸಭಾಂಗಣದ ಉಸಿರೇ ಬದಲಾಗುತ್ತದೆ.

ಕತ್ತಲು ಅಂದರೂ ತುರ್ತು ನಿರ್ಗಮನದ ಹಸಿರು ದೀಪ ಮುಚ್ಚುವ ಹಾಗಿಲ್ಲ. ಅದರ ಬೆಳಕು ತಾಗದ ಮೂಲೆಗೆ ವೃತ್ತವನ್ನು ಸರಿಸಿ. ಬೆಂಗಳೂರಿನ ಸಣ್ಣ ಹಾಲ್‌ಗಳಲ್ಲಿ ಇನ್ನೊಂದು ಶತ್ರು ಯುಪಿಎಸ್‌ನ ಗುಂಯ್‌ಗುಡುವಿಕೆ. ಬುಕ್ ಮಾಡುವ ಮುಂಚೆ ಎಲ್ಲ ದೀಪ ಆರಿಸಿ, ಫ್ಯಾನ್ ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ಕೂತು ಕೇಳಿ.

ಗುಂಡಿಯ ಅಂಚಿನಲ್ಲಿ ಬಿದ್ದವನು ಕಲ್ಲಿನ ಚೂರು ಕಿತ್ತು ಕೆಳಗೆ ಹಾಕುತ್ತಾನೆ. ಈ ಸದ್ದಿಗೆ ವಿಂಗ್‌ನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ನೀರು ತುಂಬಿದ ಬಿಂದಿಗೆ ಸಾಕು. ಕೈ ಬಿಟ್ಟ ಮೂರು ಸೆಕೆಂಡಿನ ಮೇಲೆ ಸದ್ದು ಬರಬೇಕು, ಅದು ಹೆಚ್ಚುಕಡಿಮೆ 41 ಮೀಟರ್ ಆಳಕ್ಕೆ ಸಮ. ತಕ್ಷಣ ಬಂದರೆ ಅದು ಹಿತ್ತಲ ಬಾವಿ.

ಇನ್ನು ಲೋಲಕ. ಕಥೆಯಲ್ಲಿ ಅದರ ಓಲಾಟ 30 ಅಡಿ, ಅರ್ಧಚಂದ್ರ ಅಲಗು ಕೊನೆಯಿಂದ ಕೊನೆಗೆ ಒಂದು ಅಡಿ. ನಮಗೆ 2.25 ಮೀಟರ್ ತೋಳು ಸಾಕು: ಹೋಗಿ ಬರಲು ಸುಮಾರು 3 ಸೆಕೆಂಡ್. ರಂಗದ ಮೇಲೆ ದೀಪ, ಪರದೆ ತೂಗುಹಾಕುವ ಕಂಬಿಗಳು 5 ಮೀಟರಿಗಿಂತ ತಗ್ಗಿದ್ದರೆ 1.75 ಮೀಟರ್ ಮಾಡಿ, ಆಗ 2.65 ಸೆಕೆಂಡ್, ಅದಕ್ಕಿಂತ ಗಿಡ್ಡ ಮಾಡಿದರೆ ಗೋಡೆ ಗಡಿಯಾರದಂತೆ ಕಾಣುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 25 ಮಿ.ಮೀ. ಅಲ್ಯೂಮಿನಿಯಂ ಪೈಪ್ ತನ್ನಿ, ಮೇಲ್ತುದಿಗೆ ಹಳೆಯ ಸೈಕಲ್ ಹಬ್ ಬೇರಿಂಗ್. ಅಲಗಿಗೆ 10 ಮಿ.ಮೀ. ಫೋಮ್ ಶೀಟ್, ಮೇಲೆ ಬೆಳ್ಳಿ ಫಾಯಿಲ್. ಬರೀ ಫೋಮ್ ಆದರೆ ಗಾಳಿಯ ತಡೆಗೆ ಹತ್ತು ಓಲಾಟಕ್ಕೇ ಸೋತು ನಿಲ್ಲುತ್ತದೆ, ಹಾಗಾಗಿ ಪೈಪಿನ ಕೆಳತುದಿಯೊಳಗೆ ಮರಳು ತುಂಬಿ ಬಿಗಿಯಾಗಿ ಮುಚ್ಚಿ. ಆ ತೂಕ ಯಾರ ತಲೆಯ ಮೇಲೂ ಓಲಾಡಬಾರದು.

ಉಪಾಯ ಇಷ್ಟೇ: ನಟ ತಲೆಯನ್ನು ಹಿಂದಕ್ಕೆ, ಕಾಲನ್ನು ಪ್ರೇಕ್ಷಕರ ಕಡೆಗೆ ಚಾಚಿ 60 ಸೆಂ.ಮೀ. ಎತ್ತರದ ಮಂಚದ ಮೇಲೆ ಮಲಗಲಿ. ಲೋಲಕ ಅವನ ತಲೆಯಿಂದ ಕನಿಷ್ಠ 45 ಸೆಂ.ಮೀ. ಹಿಂದೆ, ಎಡಬಲಕ್ಕೆ ಓಲಾಡಲಿ. ಎದುರಿನಿಂದ ನೋಡುವವರಿಗೆ ಅದು ಎದೆಯ ಮೇಲೇ ಹಾಯುತ್ತದೆ. ರಂಗಶಂಕರದಂಥ ಮುಂಚಾಚಿದ ರಂಗದಲ್ಲಿ ಮಾತ್ರ ಪಕ್ಕದ ಸೀಟಿನವರು ಗುಟ್ಟು ಹಿಡಿದುಬಿಡುತ್ತಾರೆ, ಅಲ್ಲಿ ನೆರಳಿನ ಲೋಲಕವೇ ಗತಿ. ತೂಗುವ ಅಡ್ಡಪಟ್ಟಿಗೆ ಮುಖ್ಯ ಹಗ್ಗದ ಜೊತೆ ಬೇರೆಯೇ ಕೊಕ್ಕೆಗೆ ಸಿಕ್ಕಿಸಿದ ಉಕ್ಕಿನ ತಂತಿ ಇರಲೇಬೇಕು.

ಲೋಲಕ ಇಳಿಸುವುದಕ್ಕೆ ಒಬ್ಬರು, ಮೀನುಗಾಳದ ದಾರದಿಂದ ಮೆಲ್ಲಗೆ ಎಳೆದು ಓಲಾಟ ಉಳಿಸಲು ಇನ್ನೊಬ್ಬರು. ಏಳು ನಿಮಿಷಕ್ಕೆ ಒಂದೂವರೆ ಮೀಟರ್ ಇಳಿಯಬೇಕು. ಹಗ್ಗಕ್ಕೆ 10 ಸೆಂ.ಮೀ.ಗೆ ಒಂದರಂತೆ ಬಣ್ಣದ ಟೇಪ್ ಸುತ್ತಿ, 28 ಸೆಕೆಂಡಿಗೊಂದು ಗುರುತು ಬಿಡುತ್ತಾ ಹೋಗಿ. ಅವಸರಪಟ್ಟರೆ ಭಯ ಹಾಳು.

ಸೆರೆಯಾಳನ್ನು ಮಂಚಕ್ಕೆ ಬಿಗಿಯಲು ಚಿಕ್ಕಪೇಟೆಯಿಂದ 9 ಮೀಟರ್ ನವಾರ್ ಪಟ್ಟಿ ತನ್ನಿ. ಕಥೆಯಲ್ಲಿ ಅದು ಒಂದೇ ಪಟ್ಟಿ, ಮೈಯೆಲ್ಲ ಸುತ್ತಿದ್ದರೂ ಅಲಗು ಹಾಯುವ ಜಾಗದಲ್ಲಿ ಮಾತ್ರ ಇಲ್ಲ. ಆದ್ದರಿಂದ ಕತ್ತಿ ಅವನನ್ನು ಬಿಡಿಸಲಾರದು. ಅಲಗಿನಿಂದ ಪಟ್ಟಿ ಕತ್ತರಿಸಿ ತೋರಿಸುವವರು ಕಥೆಯ ಬೆನ್ನೆಲುಬನ್ನೇ ಮುರಿಯುತ್ತಾರೆ. ಬಿಡಿಸುವುದು ಇಲಿಗಳು. ಎಡಗೈ ಮೊಣಕೈವರೆಗೆ ಸಡಿಲ, ಆ ಕೈಯಿಂದಲೇ ಮಸಾಲೆ ಮಾಂಸದ ಜಿಡ್ಡನ್ನು ಪಟ್ಟಿಗೆ ಉಜ್ಜುತ್ತಾನೆ. ಪಟ್ಟಿಯನ್ನು ಮೂರು ಕಡೆ ಕತ್ತರಿಸಿ ವೆಲ್ಕ್ರೋ ಹೊಲಿಯಿರಿ, ಆದರೆ ಬಿಚ್ಚುವಾಗ ಅದರ ಚರ್ ಸದ್ದನ್ನು ಇಲಿಗಳ ಸದ್ದು ನುಂಗುವಂತಿರಲಿ. ಇಲಿ ಬೊಂಬೆ ತಂದರೆ ಜನ ನಗುತ್ತಾರೆ. ಗೋಣಿಚೀಲದ ಮೇಲೆ ಒಣಗಿದ ಬಾಳೆಲೆ ಎಳೆದರೆ ಸಾಕು. ಎಣ್ಣೆಯಲ್ಲಿ ಹುರಿದ ಮಸಾಲೆಯನ್ನು ಡಬ್ಬಿಯಲ್ಲಿಟ್ಟು ಆ ಹೊತ್ತಿಗೆ ಮುಚ್ಚಳ ತೆಗೆಯಿರಿ. ಮೊದಲ ಎರಡು ಸಾಲಿಗೆ ವಾಸನೆ ಬಡಿಯುತ್ತದೆ.

ಕೊನೆಯಲ್ಲಿ ಕಬ್ಬಿಣದ ಗೋಡೆಗಳು ಕೆಂಪಗೆ ಕಾದು, ಚೌಕ ಕೋಣೆ ವಜ್ರಾಕೃತಿಗೆ ಚಪ್ಪಟೆಯಾಗುತ್ತದೆ. ಹಿಂದಿನ ಎರಡು ಬದಿಗೆ 2.4 ಮೀಟರ್ ಅಗಲದ ಪ್ಲೈವುಡ್, ಮುಂದಿನ ಎರಡಕ್ಕೆ ನೆಲದ ಮೇಲೆ ಅಷ್ಟೇ ಉದ್ದದ ಬಿದಿರು, ಮೂಲೆಗಳಲ್ಲಿ ಕೀಲು, ಕೆಳಗೆ ಚಕ್ರ. ಮೂಲೆಯ ಕೋನ 90 ಡಿಗ್ರಿಯಿಂದ 60ಕ್ಕೆ ಬರುವ ತನಕ ಕೋಣೆ ಕಿರಿದಾದದ್ದೇ ಗೊತ್ತಾಗದು, ಹೋಗುವುದು ಬರೀ 13 ಶೇಕಡ ಜಾಗ. 30ಕ್ಕೆ ಬಂದಾಗ ಅರ್ಧವೇ ಮಾಯ. ಹಾಗಾಗಿ ಮೊದಲ ಪಾಲು ಬೇಗ, ಎರಡನೆಯದು ನಿಧಾನ.

ಪಾರುಮಾಡುವ ಫ್ರೆಂಚ್ ಸೇನೆಯ ಜನರಲ್ ಲಾಸಾಲ್ ರಂಗದ ಮೇಲೆ ಬರಬೇಕಿಲ್ಲ. ತುತ್ತೂರಿ, ಕೂಗಾಟ, ಆಮೇಲೆ ಕತ್ತಲಿಂದ ಸಮವಸ್ತ್ರದ ತೋಳಿರುವ ಒಂದು ಕೈ ಬಂದು ಗುಂಡಿಗೆ ಜಾರುತ್ತಿರುವವನ ತೋಳು ಹಿಡಿಯಲಿ. ನಾಲ್ಕು ಎಣಿಸಿ ದೀಪ ಆರಿಸಿ.