ನಿಮ್ಮ ಪ್ಯಾನ್‌ನಲ್ಲಿ ಬೇರೆಯವರ ಲೆಕ್ಕವೇ? ಪತ್ತೆ ಹಚ್ಚಿ, ತಡೆಯುವುದು ಹೇಗೆ

ದಿನಗೂಲಿ ಮಾಡುವವರ ಮನೆಗೆ ಕೋಟಿಗಟ್ಟಲೆ ವಹಿವಾಟಿನ ತೆರಿಗೆ ನೋಟಿಸ್ ಬಂದ ಸುದ್ದಿಯನ್ನು ನೀವೂ ಓದಿರುತ್ತೀರಿ. ಅವರ ಪ್ಯಾನ್, ಆಧಾರ್ ನಕಲು ಯಾರದೋ ಕೈ ಸೇರಿ, ಅದರ ಮೇಲೆ ಜಿಎಸ್‌ಟಿ ನೋಂದಣಿಯೋ ಕಂಪನಿಯೋ ಎದ್ದು ನಿಂತಿರುತ್ತದೆ. ಕೊಡದೇ ಇರುವ ಸಂಬಳವನ್ನು ಇವರ ಹೆಸರಿಗೆ ಬರೆದು ಖರ್ಚು ತೋರಿಸಿಕೊಳ್ಳುವವರೂ ಇದ್ದಾರೆ. ‘ನಾನು ರಿಟರ್ನ್ಸೇ ಹಾಕುವುದಿಲ್ಲ, ನನಗೇನು?’ ಎನ್ನುವವರೇ ಹೆಚ್ಚು ಎಚ್ಚರವಾಗಿರಬೇಕು. ವರ್ಷಗಟ್ಟಲೆ ಯಾರೂ ತೆರೆದು ನೋಡದ ಖಾತೆ ವಂಚಕರಿಗೆ ಬಲು ಅನುಕೂಲ.

ಮೊದಲು ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ ತೆರೆಯಿರಿ. 2021ರ ನವೆಂಬರ್‌ನಿಂದ ಈ ಸೌಲಭ್ಯವಿದೆ. ಸಂಬಳ, ಬಡ್ಡಿ, ಷೇರು ಎಂದು ನಿಮ್ಮ ಪ್ಯಾನ್‌ಗೆ ಯಾರು ಎಷ್ಟು ತೋರಿಸಿದ್ದಾರೆ ಎಂಬುದು ಅಲ್ಲಿ ಸಾಲುಸಾಲಾಗಿ ಇರುತ್ತದೆ. ಹೆಸರೇ ಕೇಳದ ಕಂಪನಿಯೊಂದು ಸಂಬಳ ಕೊಟ್ಟಿದ್ದೇನೆ ಎಂದಿದ್ದರೆ ಆ ಸಾಲನ್ನು ಬಿಡಿಸಿ ನೋಡಿ. ಫೀಡ್‌ಬ್ಯಾಕ್ ಜಾಗದಲ್ಲಿ ‘ಆಪ್ಷನಲ್’ ಎಂಬ ಬಟನ್ ಕಾಣುತ್ತದೆ. ಆ ಪದ ನೋಡಿ, ಬೇಕಿಲ್ಲವೇನೋ ಎಂದು ಅನೇಕರು ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ, ಆಕ್ಷೇಪ ದಾಖಲಿಸುವ ಜಾಗ ಅದೇ. ಒತ್ತಿದಾಗ ಬರುವ ಆಯ್ಕೆಗಳಲ್ಲಿ ‘ಇನ್‌ಫರ್ಮೇಷನ್ ಈಸ್ ಡಿನೈಡ್’ ಎಂಬುದನ್ನು ಆರಿಸಿ, ಸಲ್ಲಿಸಿದ ಮೇಲೆ ಸಿಗುವ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ನಂತರ ಅದೇ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ‘ವ್ಯೂ ಫೈಲ್ಡ್ ರಿಟರ್ನ್ಸ್’ ತೆರೆಯಿರಿ. ನೀವು ಹಾಕದ ರಿಟರ್ನ್ಸ್ ಅಲ್ಲಿದ್ದರೆ ತಕ್ಷಣ ಪಾಸ್‌ವರ್ಡ್ ಬದಲಿಸಿ. ಪ್ರೊಫೈಲ್‌ನಲ್ಲಿ ಮೊಬೈಲ್ ಸಂಖ್ಯೆ, ಇ-ಮೇಲ್, ರಿಫಂಡ್ ಜಮೆಯಾಗುವ ಬ್ಯಾಂಕ್ ಖಾತೆ ನಿಮ್ಮವೇ ಎಂದು ಖಚಿತ ಮಾಡಿಕೊಳ್ಳಿ. ಆ ರಿಟರ್ನ್ಸ್‌ನ ಪ್ರತಿ ಇಳಿಸಿಕೊಂಡು, ಪೋರ್ಟಲ್‌ನ ಗ್ರೀವೆನ್ಸ್ ವಿಭಾಗದಲ್ಲಿ ದೂರು ಕೊಡಿ. ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೂ ಲಿಖಿತವಾಗಿ ತಿಳಿಸಿ. ‘ಹೈಯರ್ ಸೆಕ್ಯುರಿಟಿ’ ಆಯ್ಕೆಯಲ್ಲಿ ಆಧಾರ್ ಒಟಿಪಿ ಇಟ್ಟುಕೊಂಡರೆ ಬರೀ ಪಾಸ್‌ವರ್ಡ್ ಗೊತ್ತಿದ್ದವರು ಒಳಗೆ ಬರಲಾರರು.

ಜಿಎಸ್‌ಟಿ ಪೋರ್ಟಲ್‌ನಲ್ಲಿ ‘ಸರ್ಚ್ ಬೈ ಪ್ಯಾನ್’ ಎಂಬುದಿದೆ. ಲಾಗಿನ್ ಬೇಕಿಲ್ಲ. ನಿಮ್ಮ ಪ್ಯಾನ್ ಹಾಕಿದರೆ ಅದರ ಮೇಲೆ ಯಾವ ರಾಜ್ಯದಲ್ಲಿ ನೋಂದಣಿ ಇದ್ದರೂ ತೋರಿಸುತ್ತದೆ. ಮನೆಯ ಹಿರಿಯರ ಪ್ಯಾನ್ ಅನ್ನೂ ಹಾಕಿ ನೋಡಿ.

ಅಕ್ರಮ ಕಂಡುಬಂದರೆ ಪೊಲೀಸ್ ದೂರು ಬೇಕೇ ಬೇಕು, ಮುಂದೆ ತೆರಿಗೆ ಅಧಿಕಾರಿಯ ಮುಂದೆ ನಿಮ್ಮ ಪರ ನಿಲ್ಲುವುದು ಆ ಕಾಗದವೇ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ. ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇನ್ನೊಬ್ಬರ ಗುರುತನ್ನು ಕದ್ದು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ.

ನೋಟಿಸ್ ಈಗಾಗಲೇ ಬಂದಿದ್ದರೆ ಹೆದರಿ ಬೀರುವಿನಲ್ಲಿ ಇಡಬೇಡಿ. ಅದರ ಮೇಲಿನ ಡಿಐಎನ್, ಅಂದರೆ ದಾಖಲೆ ಗುರುತಿನ ಸಂಖ್ಯೆಯನ್ನು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಹಾಕಿ ಅಸಲಿಯೇ ಎಂದು ನೋಡಿ. ಅಸಲಿಯಾದರೆ ಗಡುವಿನೊಳಗೆ ಉತ್ತರ ಹೋಗಲೇಬೇಕು. ಸುಮ್ಮನಿದ್ದರೆ ಯಾರೋ ಮಾಡಿದ ವಹಿವಾಟಿನ ತೆರಿಗೆ ನಿಮ್ಮ ತಲೆಗೇ ಬರಬಹುದು.

ಇನ್ನು ಮುಂದೆ ಪ್ಯಾನ್ ಜೆರಾಕ್ಸ್ ಕೊಡುವಾಗ ‘ಬಾಡಿಗೆ ಕರಾರಿಗೆ ಮಾತ್ರ’ ಎಂದೋ ‘ಸಿಮ್‌ಗೆ ಮಾತ್ರ’ ಎಂದೋ ದಿನಾಂಕ ಸಮೇತ ನಕಲಿನ ಮೇಲೆ ಅಡ್ಡಲಾಗಿ, ಅಕ್ಷರ ಫೋಟೊದ ಅಂಚನ್ನು ದಾಟುವಂತೆ ಬರೆದು ಸಹಿ ಮಾಡಿ. ಕಪ್ಪಾಗಿ ಬಂತೆಂದು ಜೆರಾಕ್ಸ್ ಅಂಗಡಿಯವರು ಪಕ್ಕಕ್ಕೆ ಎಸೆದ ಹಾಳೆಯನ್ನೂ ಕೇಳಿ ಪಡೆದು ಹರಿದುಹಾಕಿ.