ಎತ್ತರದ ಓಟಕ್ಕೆ ಯಾವ ಪೂರಕ ಬೇಕು?

ದೂರದ ಓಟಗಾರರು ಎತ್ತರದ ಜಾಗಕ್ಕೆ ಅಭ್ಯಾಸಕ್ಕೆಂದು ಹೊರಟರೆ ಚೀಲದಲ್ಲಿ ಬಟ್ಟೆಗಿಂತ ಡಬ್ಬಿಗಳೇ ಹೆಚ್ಚಿರುತ್ತವೆ. ನನ್ನ ಚೀಲದಲ್ಲಿ ಈಗ ಉಳಿದಿರುವುದು ಕಬ್ಬಿಣಾಂಶದ ಮಾತ್ರೆ, ಕಾರ್ಬೋಹೈಡ್ರೇಟ್ ಜೆಲ್ ಮತ್ತು ಕೆಫೀನ್ ಮಾತ್ರ. ಅವುಗಳಲ್ಲಿ ಕಬ್ಬಿಣದ ಕೆಲಸ ಬಹುಪಾಲು ಬೆಟ್ಟ ಹತ್ತುವ ಮೊದಲೇ ಮುಗಿದಿರಬೇಕು.

ಎಷ್ಟೇ ಮೇಲೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 20.9 ಆಗಿಯೇ ಇರುತ್ತದೆ. ಇಳಿಯುವುದು ವಾಯುಭಾರ, ಹೀಗಾಗಿ ಪ್ರತಿ ಉಸಿರಿನಲ್ಲೂ ಒಳಗೆ ಹೋಗುವ ಆಮ್ಲಜನಕ ಕಡಿಮೆ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ನಗರ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕೀನ್ಯಾದ ನಫ್ತಾಲಿ ತೆಮು 10,000 ಮೀಟರ್ ಓಟವನ್ನು 29 ನಿಮಿಷ 27 ಸೆಕೆಂಡಿನಲ್ಲಿ ಗೆದ್ದರು. ಆಗಿನ ವಿಶ್ವದಾಖಲೆ 27 ನಿಮಿಷ 39 ಸೆಕೆಂಡು. ಈ ಅಂತರವನ್ನು ಯಾವ ಡಬ್ಬಿಯೂ ತುಂಬಿಕೊಡುವುದಿಲ್ಲ.

ಎತ್ತರ ತಲುಪಿದ ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡಗಳು ಎರಿಥ್ರೊಪೊಯೆಟಿನ್ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತವೆ, ಕೆಂಪು ರಕ್ತಕಣ ತಯಾರಿಸುವಂತೆ ಮಜ್ಜೆಗೆ ಸೂಚನೆ ಹೋಗುತ್ತದೆ. ಆ ಹೊತ್ತಿಗೆ ದೇಹದಲ್ಲಿ ಕಬ್ಬಿಣದ ಸಂಗ್ರಹ ಇಲ್ಲದಿದ್ದರೆ ಮೇಸ್ತ್ರಿ ಬಂದು ನಿಂತರೂ ಇಟ್ಟಿಗೆ ಬಾರದ ಸ್ಥಿತಿ. ಹೀಗಾಗಿ ಹೊರಡುವುದಕ್ಕೆ ಒಂದೂವರೆ ತಿಂಗಳು ಮುಂಚೆಯೇ, ದೇಹದ ಕಬ್ಬಿಣದ ಸಂಗ್ರಹ ಎಷ್ಟಿದೆಯೆಂದು ತಿಳಿಸುವ ಫೆರಿಟಿನ್ ಎಂಬ ಪ್ರೋಟೀನಿನ ರಕ್ತಪರೀಕ್ಷೆ ಮಾಡಿಸುತ್ತೇನೆ. ಹಿಮೋಗ್ಲೋಬಿನ್ ಸರಿಯಾಗಿದ್ದೂ ಫೆರಿಟಿನ್ ತಳ ಕಂಡಿರುವುದು ಓಟಗಾರರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಅಪರೂಪವೇನಲ್ಲ. ವರದಿ ನೋಡಿ ವೈದ್ಯರು ಹೇಳಿದರಷ್ಟೇ ಮಾತ್ರೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ದೇಹದಲ್ಲಿಲ್ಲ, ಆದ್ದರಿಂದ ‘ಇರಲಿ ಎಂದು ಒಂದು’ ನುಂಗುವವರನ್ನು ಕಂಡರೆ ನನಗೆ ಭಯ.

ನುಂಗುವ ಹೊತ್ತಿಗೂ ಲೆಕ್ಕವಿದೆ. ಓಟ ಮುಗಿದ ಮೂರರಿಂದ ಆರು ಗಂಟೆಗಳಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಕರುಳು ಕಬ್ಬಿಣ ಹೀರುವುದಕ್ಕೆ ಅಡ್ಡಗಾಲು ಹಾಕುತ್ತದೆ. ಅದು ಏಳುವ ಮೊದಲೇ, ಬೆಳಗಿನ ಓಟ ಮುಗಿಸಿ ಬೂಟು ಬಿಚ್ಚುತ್ತಿದ್ದಂತೆ, ವಿಟಮಿನ್ ಸಿ ಜೊತೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಾಫಿ, ಟೀ ಕಬ್ಬಿಣದ ಹೀರಿಕೆಯನ್ನು ತಗ್ಗಿಸುವುದರಿಂದ ಅವು ಆಮೇಲೆ. ಹೊಟ್ಟೆ ಮುನಿಸಿಕೊಂಡರೆ ದಿನ ಬಿಟ್ಟು ದಿನ. ಮೇಲೆ ಹೋದ ಮೊದಲ ದಿನಗಳಲ್ಲೇ ಹಿಮೋಗ್ಲೋಬಿನ್ ಏರಿತೆಂದು ಬೀಗುವವರಿದ್ದಾರೆ. ಆಗ ನಿಜವಾಗಿ ಕಡಿಮೆಯಾಗಿರುವುದು ರಕ್ತದ ದ್ರವಭಾಗವಾದ ಪ್ಲಾಸ್ಮಾ. ಹೊಸ ಕಣಗಳು ಲೆಕ್ಕಕ್ಕೆ ಸಿಗಲು ವಾರಗಳು ಬೇಕು.

ಇನ್ನು ಕಾರ್ಬೋಹೈಡ್ರೇಟ್. ಒಂದು ಲೀಟರ್ ಆಮ್ಲಜನಕ ಖರ್ಚು ಮಾಡಿ ಅದನ್ನು ಉರಿಸಿದರೆ ಸುಮಾರು 5 ಕಿಲೋಕ್ಯಾಲರಿ ಸಿಗುತ್ತದೆ, ಕೊಬ್ಬಿನಿಂದ ಸುಮಾರು 4.7. ಉಸಿರೇ ದುಬಾರಿಯಾದ ಕಡೆ ಈ ಚಿಲ್ಲರೆಯೂ ಮುಖ್ಯ. ಆದರೆ ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ತಟ್ಟೆಯ ಮುಂದೆ ಕುಳಿತರೆ ತುತ್ತು ಒಳಗಿಳಿಯುವುದಿಲ್ಲ. ಆದ್ದರಿಂದ ಉದ್ದದ ಓಟಗಳಲ್ಲಿ ಬೇಕೆನಿಸಲಿ, ಬಿಡಲಿ, ಗಂಟೆಗೆ 60 ಗ್ರಾಂ ಲೆಕ್ಕದಲ್ಲಿ ಜೆಲ್ ತೆಗೆದುಕೊಳ್ಳುತ್ತೇನೆ. ಮುಂಜಾವದ ಚಳಿಗೆ ಪೊಟ್ಟಣದೊಳಗಿನ ಜೆಲ್ ಅಂಟಿನಂತಾಗಿ, ಕೈಗವಸು ತೊಟ್ಟ ಬೆರಳುಗಳಿಂದ ಎಷ್ಟು ಹಿಂಡಿದರೂ ಬಾಯಿಗೆ ಬರುವುದಿಲ್ಲ. ಒಳಅಂಗಿಗೂ ಮೈಗೂ ನಡುವೆ ಸಿಕ್ಕಿಸಿಕೊಂಡರೆ ಸಡಿಲವಾಗಿರುತ್ತದೆ. ಏದುಸಿರಿನಲ್ಲಿ ಒಂದೇ ಬಾರಿಗೆ ನುಂಗಲು ಹೋದರೆ ಉಸಿರಿನ ಲಯ ತಪ್ಪುತ್ತದೆ, ಸ್ವಲ್ಪ ಸ್ವಲ್ಪವೇ ಚಪ್ಪರಿಸುವುದು ಮೇಲು.

ಬೀಟ್‌ರೂಟ್ ರಸದ ಮೇಲೆ ನನಗೆ ಭಾರೀ ಆಸೆಯಿತ್ತು. ಅದರ ನೈಟ್ರೇಟನ್ನು ಬಾಯಿಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಸುತ್ತವೆ, ಅದರಿಂದ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ, ರಕ್ತನಾಳ ಹಿಗ್ಗುತ್ತದೆ. ಓಟಕ್ಕೆ ಎರಡೂವರೆ ಗಂಟೆ ಮುಂಚೆ ಕುಡಿದೆ, ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮೌತ್‌ವಾಶ್ ಕೂಡ ಬಿಟ್ಟೆ. ಮೂತ್ರ ಗುಲಾಬಿಯಾಯಿತು, ಗಡಿಯಾರ ಮಾತ್ರ ಕದಲಲಿಲ್ಲ. ಎತ್ತರದಲ್ಲಿ ನಡೆದ ಅಧ್ಯಯನಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ, ಚೆನ್ನಾಗಿ ಪಳಗಿದ ಓಟಗಾರರಿಗೆ ಲಾಭ ಕಡಿಮೆ.

ಕೆಫೀನ್ ಕೆಲಸ ಮಾಡುತ್ತದೆ. ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ, ಕಠಿಣ ಓಟದ ದಿನ ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ಮೇಲೆ ಮುಟ್ಟುವುದಿಲ್ಲ, ಏಕೆಂದರೆ ಎತ್ತರದಲ್ಲಿ ನಿದ್ದೆ ಮೊದಲೇ ತುಂಡುತುಂಡು. ವಿಟಮಿನ್ ಸಿ ಮತ್ತು ವಿಟಮಿನ್ ಇ ದೊಡ್ಡ ಡೋಸುಗಳನ್ನು ಕೈಬಿಟ್ಟಿದ್ದೇನೆ, ಅವು ಅಭ್ಯಾಸಕ್ಕೆ ದೇಹ ಒಗ್ಗಿಕೊಳ್ಳುವುದನ್ನೇ ಮಂದಗೊಳಿಸಬಹುದು.

ಸ್ಪರ್ಧೆಗೆ ಇಳಿಯುವವರು ಗಮನಿಸಬೇಕು: ಎತ್ತರದ ಕಾಯಿಲೆಗೆ ಚಾರಣಿಗರು ನುಂಗುವ ಅಸೆಟಜೋಲಮೈಡ್ ಮೂತ್ರವರ್ಧಕವಾದ್ದರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಜೊತೆಗಾರರು ಕೊಟ್ಟರೆಂದು ಬಾಯಿಗೆ ಹಾಕಿಕೊಳ್ಳಬೇಡಿ.